ಅವ್ವನ ರಿಪೋರ್ಟಲ್ಲಿ 2,340

ನಮ್ಮವ್ವಂಗೆ ಓದಕ್ಕೆ ಬರಲ್ಲ. ಬಸ್ ಬೋರ್ಡು ಕೂಡ ಪಕ್ಕದಲ್ಲಿ ನಿಂತೋರನ್ನ ಕೇಳಿ ಹತ್ತೋದು. ಆದ್ರೆ ಟಿಎನ್‌ಡಿ ಅನ್ನೋ ಮೂರು ಇಂಗ್ಲಿಷ್ ಅಕ್ಷರ ಮಾತ್ರ ಕಾಗದದ ಯಾವ ಮೂಲೇಲಿದ್ರೂ ಗುರುತು ಹಿಡೀತಾಳೆ. ಟಾರ್ಗೆಟ್ ನಾಟ್ ಡಿಟೆಕ್ಟೆಡ್, ಅಂದ್ರೆ ಮಷೀನು ಹುಡುಕಿತು, ಎಚ್‌ಐವಿ ವೈರಸ್ ಕೈಗೆ ಸಿಗಲಿಲ್ಲ. ವರ್ಷಕ್ಕೊಂದು ಸಲ ವೈರಲ್ ಲೋಡ್, ಅಂದ್ರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋ ರಿಪೋರ್ಟ್ ಬಂದಾಗ ಅವಳು ಬೆರಳಿಟ್ಟು ತೋರಿಸಿ "ಇದೇ ಅಲ್ಲೇನೇ" ಅಂತ ಕೇಳ್ತಾಳೆ, ನಾನು ಹ್ಞೂಂ ಅಂತೀನಿ, ಆ ದಿನ ಸಂಜೆ ಮನೇಲಿ ಮಿರ್ಚಿ ಮಂಡಕ್ಕಿ. 2018ರಿಂದ ಇದೊಂಥರ ನಮ್ಮನೆ ಹಬ್ಬ.

ಈ ವರ್ಷ ಜನವರೀಲಿ ಆ ಮೂರಕ್ಷರ ಇರ್ಲಿಲ್ಲ. 2,340 ಅಂತ ಇತ್ತು.

ಬರೆಯೋಕ್ ಮುಂಚೆ ಒಂದ್ ಮಾತು, ಇದನ್ನ ಅವ್ವನ್ನ ಕೇಳಿನೇ ಬರೀತಿರೋದು. "ಹೆಸ್ರು ಹಾಕಬ್ಯಾಡ, ಬೀದಿ ಹೆಸ್ರು ಹಾಕಬ್ಯಾಡ, ದಾವಣಗೆರೆ ಅಂತ ಬೇಕಾದ್ರೆ ಹಾಕು, ದಾವಣಗೆರೆ ಏನ್ ಸಣ್ದೈತೇನು" ಅಂದ್ಲು. ಹಂಗಾಗಿ ಅಷ್ಟೇ.

ನಮ್ಮಪ್ಪ ಲಾರಿ ಡ್ರೈವರ್. ಎಪಿಎಂಸಿಯಿಂದ ಮೆಕ್ಕೆಜೋಳ ಹೊಡೀತಿದ್ರು, ಚಳ್ಳಕೆರೆಯಿಂದ ಎಣ್ಣೆ ಲೋಡು. 2009ರಲ್ಲಿ ತೀರ್ಕೊಂಡ್ರು, ಟಿಬಿ ಅಂತ ಊರಿಗೆಲ್ಲ ಹೇಳಿದ್ವಿ, ಟಿಬಿ ಇದ್ದಿದ್ದೂ ಸುಳ್ಳಲ್ಲ. ಅವರು ಹೋದ್ ತಿಂಗಳಲ್ಲೇ ಅವ್ವಂಗೆ ಟೆಸ್ಟ್ ಮಾಡಿದ್ರು, ಪಾಸಿಟಿವ್. ನಂಗೂ ತಮ್ಮಂಗೂ ಮಾಡಿದ್ರು, ನೆಗೆಟಿವ್. ನಾನಾಗ ಆರನೇ ಕ್ಲಾಸು, ಬೆರಳಿಗೆ ಚುಚ್ಚಿದ್ದಷ್ಟೇ ನೆನಪು. ಅವ್ವನ ಸಿಡಿ4 162 ಇತ್ತು. ಸಿಡಿ4 ಅಂದ್ರೆ ರಕ್ತದಲ್ಲಿರೋ ಒಂದು ಜಾತಿ ಬಿಳಿ ಕಣ, ಆರೋಗ್ಯವಾಗಿರೋರಿಗೆ 500ರ ಮೇಲಿರತ್ತೆ, 200ರ ಕೆಳಗೆ ಬಂದ್ರೆ ಬೇರೆ ಬೇರೆ ಕಾಯಿಲೆ ನುಗ್ಗಕ್ಕೆ ಬಾಗ್ಲು ತೆಗೆದಂಗೆ. ಸರ್ಕಾರದ ಫ್ರೀ ಮಾತ್ರೆ ನಮ್ಮ ದೇಶದಲ್ಲಿ 2004ರ ಏಪ್ರಿಲ್ 1ಕ್ಕೆ ಶುರುವಾಗಿದ್ದು. ಒಂದೈದು ವರ್ಷ ಮುಂಚೆ ನಮ್ಮನೇಲಿ ಇದು ಗೊತ್ತಾಗಿದ್ರೆ ಏನಾಗ್ತಿತ್ತು ಅಂತ ನಾನು ಯೋಚನೆ ಮಾಡಕ್ಕೆ ಹೋಗಲ್ಲ.

ಆಗೆಲ್ಲ ಆರು ತಿಂಗಳಿಗೊಂದ್ ಸಲ ಸಿಡಿ4 ಒಂದೇ ನೋಡ್ತಿದ್ದಿದ್ದು. ವೈರಲ್ ಲೋಡ್ ಅನ್ನೋದು ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ಡಾಕ್ಟ್ರಿಗೆ ಡೌಟ್ ಬಂದೋರಿಗೆ ಮಾತ್ರ ಮಾಡಿಸ್ತಿದ್ರು. ಎಲ್ಲ ಪೇಷೆಂಟ್‌ಗಳಿಗೂ ಮಾಡ್ಬೇಕು ಅಂತ ಕೇಂದ್ರ ಆರೋಗ್ಯ ಇಲಾಖೆ ಶುರು ಮಾಡಿದ್ದು 2018ರ ಫೆಬ್ರವರಿ 26ಕ್ಕೆ. ಇವೆರಡಕ್ಕೂ ಏನ್ ವ್ಯತ್ಯಾಸ ಅಂತ ನಂಗೆ ಬಹಳ ದಿನ ಗೊತ್ತಿರ್ಲಿಲ್ಲ. ಸಿಡಿ4 ಅಂದ್ರೆ ಬೆಂಕಿ ಬಿದ್ದ ಮೇಲೆ ಮನೆ ಎಷ್ಟು ಉಳಿದಿದೆ ಅನ್ನೋ ಲೆಕ್ಕ, ವೈರಲ್ ಲೋಡ್ ಅಂದ್ರೆ ಬೆಂಕಿ ಎಷ್ಟಿದೆ ಅನ್ನೋ ಲೆಕ್ಕ. ವೈರಸ್ ಮತ್ತೆ ಏಳಕ್ಕೆ ಶುರು ಮಾಡಿದ್ ಮೇಲೂ ಸಿಡಿ4 ಎಷ್ಟೋ ತಿಂಗಳು ಸುಮ್ನೆ ನಿಂತಿರತ್ತೆ, ಆಮೇಲೆ ಇಳಿಯೋದು, ಅಷ್ಟೊತ್ತಿಗೆ ತಡ ಆಗಿರತ್ತೆ.

ಸರಿ, ಜನವರಿಗೆ ಬರ್ತೀನಿ. ನಾನು ಬಟ್ಟೆ ಅಂಗಡಿಯೊಂದರಲ್ಲಿ ಅಕೌಂಟ್ಸ್ ನೋಡ್ಕೊಳ್ಳೋದು, ಸಂಕ್ರಾಂತಿ ರಶ್ಶು, ಬಿಲ್ಲಿಂಗ್ ಮಧ್ಯ ಅವ್ವನ ಫೋನು. "ಮೇಡಮ್ನೋರು ನಿನ್ನ ಕರ್ಕೊಂಡ್ ಬಾ ಅಂದಾರ, ಏನೋ ಜಾಸ್ತಿ ಆಗೇತಂತೆ." ಜಾಸ್ತಿ ಅಂದ್ರೆ ಬಿಪಿ ಇರ್ಬೇಕು ಅನ್ಕೊಂಡೆ. ಎಚ್‌ಐವಿ ಮಾತ್ರೆ ಕೊಡೋ ಸೆಂಟರಿಗೆ ಹೋಗಿ ಕೂತಾಗ ಕೌನ್ಸೆಲರ್ ಮೇಡಂ ಹಾಳೆ ನಮ್ಮ ಕಡೆ ತಿರುಗಿಸಿದ್ರು. ಅವ್ವ ಆ ಮೂರಕ್ಷರ ಹುಡುಕಿದ್ಲು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಆಮೇಲೆ ನನ್ನ ಮುಖ ನೋಡಿದ್ಲು.

ಮೇಡಂ ಬಯ್ಯಲಿಲ್ಲ, ಅದನ್ನ ಹೇಳ್ಲೇಬೇಕು. "ಮಾತ್ರೆ ಯಾವಾಗಾದ್ರೂ ಬಿಟ್ಟಿದ್ರಾ ಅಮ್ಮ" ಅಂತಷ್ಟೇ ಕೇಳಿದ್ರು. ಅವ್ವ ಇಲ್ಲ ಅಂದ್ಲು. ಡಬ್ಬಿ ತರಿಸಿ ಎಣಿಸಿದ್ರು, ಲೆಕ್ಕ ಸರಿಯಾಗಿತ್ತು, ಒಂದೂ ಹೆಚ್ಚಿಲ್ಲ ಒಂದೂ ಕಮ್ಮಿ ಇಲ್ಲ. ಮೇಡಂ ಪೆನ್ನು ಬಾಯಿಗಿಟ್ಕೊಂಡು ಸ್ವಲ್ಪ ಹೊತ್ತು ಸುಮ್ನಿದ್ರು. ಬಯ್ದಿದ್ದು ನಾನು. ಅಲ್ಲಿಂದ ಹೊರಗೆ ಬಂದು ಜಯದೇವ ಸರ್ಕಲ್ ತನಕ ಆಟೋದಲ್ಲಿ ಒಂದು ಮಾತಾಡಲಿಲ್ಲ, ಮನೆಗೆ ಬಂದು ಬಾಗ್ಲು ಹಾಕಿ ಶುರು ಮಾಡ್ದೆ. ಹದಿನೈದು ವರ್ಷ ಸರಿಯಾಗಿದ್ದೋಳಿಗೆ ಈಗೇನ್ ಬಂತು, ನನ್ನ ಮದುವೆ ಇಟ್ಕೊಂಡು ಏನಾದ್ರೂ ಆದ್ರೆ ಏನ್ ಗತಿ, ಇನ್ನೂ ಏನೇನೋ, ಬರೆಯಕ್ಕೆ ನಾಚಿಕೆ ಆಗತ್ತೆ. ಅವ್ವ ಒಂದೇ ಮಾತು ಹೇಳ್ತಿದ್ಲು, "ಬಿಟ್ಟಿಲ್ಲ ಅಂದ್ರೆ ಬಿಟ್ಟಿಲ್ಲ ಕಣೇ". ನನಗದು ಸುಳ್ಳು ಅಂತ ಅನ್ನಿಸ್ತಿತ್ತು. ಸುಳ್ಳೇ ಆಗಿತ್ತು ಆಮೇಲೆ ನೋಡಿದ್ರೆ, ಆದ್ರೆ ನಾನು ಅನ್ಕೊಂಡ ಥರದ ಸುಳ್ಳಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ, ಮೊಬೈಲ್ ಹಿಡ್ಕೊಂಡು ಈ ನಂಬರ್ ಏನು ಅಂತ ಓದ್ತಾ ಕೂತೆ. 2,340 ಅಂದ್ರೆ ಒಂದು ಮಿಲಿ ಪ್ಲಾಸ್ಮಾದಲ್ಲಿ, ಅಂದ್ರೆ ರಕ್ತದ ತಿಳೀಲಿ, ಅಷ್ಟು ಕಾಪಿ ವೈರಸ್ ಆರ್‌ಎನ್‌ಎ. ಒಂದು ಮಿಲಿ ಅಂದ್ರೆ ಮಕ್ಕಳ ಸಿರಪ್ ಜೊತೆ ಕೊಡೋ ಡ್ರಾಪರ್‌ನಲ್ಲಿ ಒಂದು ಗೆರೆ, ಅಷ್ಟೇ. ಅವ್ವ ಮಂಡಕ್ಕಿ ಭಟ್ಟೀಲಿ ಚೀಲ ತುಂಬೋ ಕೆಲಸ ಮಾಡ್ತಾಳೆ, ಅವಳಿಗೆ ನಾನು ಬೆಳಿಗ್ಗೆ ಹೇಳಿದ್ದು ಹಿಂಗೆ: ರಾಶಿಯಿಂದ ಒಂದು ಸೇರು ತೆಗೆದು ಅದರಲ್ಲಿ ಅರಳದೇ ಇರೋ ಕಾಳು ಎಷ್ಟು ಅಂತ ಎಣಿಸಿದ್ರೆ ಇಡೀ ರಾಶಿ ಹೆಂಗಿದೆ ಅಂತ ಗೊತ್ತಾಗಲ್ವಾ, ಅದೇ. "ಒಂದ್ ಸೇರಿಗೆ ಎರಡ್ ಸಾವ್ರ ಗಟ್ಟಿ ಕಾಳು ಅಂದ್ರೆ ಸಾವ್ಕಾರ ಒಲೆ ಮುಂದಿರೋನ್ನ ಓಡಿಸ್ತಾನೆ" ಅಂದ್ಲು. ಆದ್ರೆ ಇಲ್ಲಿ ಲೆಕ್ಕ ಹಂಗಿಲ್ಲ, ಏನೂ ಮಾತ್ರೆ ತಗೊಳ್ಳದೇ ಇರೋರಿಗೆ ಇದು ಹತ್ತಾರು ಸಾವಿರದಿಂದ ಲಕ್ಷಗಳ ತನಕ ಇರತ್ತೆ. ಹಂಗೆ ನೋಡಿದ್ರೆ 2,340 ಸಣ್ಣ ಸಂಖ್ಯೆ. ಆದ್ರೆ ಗೆರೆ ಇರೋದು 1,000ಕ್ಕೆ. ಅದರ ಕೆಳಗಿದ್ರೆ ವೈರಸ್ ಹತೋಟೀಲಿದೆ ಅಂತ, ಮೇಲಿದ್ರೆ ಮಾತ್ರೆ ಸೋಲ್ತಿರಬಹುದು ಅಂತ ಡಾಕ್ಟ್ರು ಎಚ್ಚರ ಆಗ್ತಾರೆ. 30, 60, 120 ಹಿಂಗೆ ಒಂದ್ ಸಲ ಬಂದು ಮುಂದಿನ ಸಲ ಮಾಯ ಆದ್ರೆ ಅದನ್ನ ಬ್ಲಿಪ್ ಅಂತಾರೆ, ಅದಕ್ಕೆ ತಲೆ ಕೆಡಿಸ್ಕೋಬಾರ್ದು. ರಿಪೋರ್ಟಲ್ಲಿ ಪಕ್ಕದಲ್ಲಿ 3.37 ಅಂತ ಇನ್ನೊಂದು ಪುಟ್ಟ ನಂಬರ್ ಇತ್ತು, ಅದು ಲಾಗ್. 1,000 ಅಂದ್ರೆ 3, ಹತ್ತು ಸಾವಿರ ಅಂದ್ರೆ 4, ಪಿಯುಸಿ ಮ್ಯಾಥ್ಸು ಅವತ್ತು ಉಪಯೋಗಕ್ಕೆ ಬಂತು. ಮೂರು ಪಟ್ಟಿನ ಒಳಗೆ ಏರುಪೇರಾದ್ರೆ ಅದು ಟೆಸ್ಟಿನ ಸ್ವಂತ ಏರಿಳಿತನೂ ಆಗಿರಬಹುದು, ಅದಕ್ಕೇ ಲಾಗಲ್ಲಿ ನೋಡೋದಂತೆ.

ಟೆಸ್ಟು ಹೆಂಗೆ ಮಾಡ್ತಾರೆ ಅನ್ನೋದು ನಂಗೆ ಭಾಳ ಇಷ್ಟ ಆದ ಭಾಗ, ಬೇಜಾರಾದ್ರೆ ಮುಂದಿನ ಪ್ಯಾರಾಕ್ಕೆ ಹೋಗಿ. ನೇರಳೆ ಮುಚ್ಚಳದ ಟ್ಯೂಬಲ್ಲಿ ರಕ್ತ ತಗೋತಾರೆ, ಅದರೊಳಗೆ ರಕ್ತ ಹೆಪ್ಪುಗಟ್ಟದಂಗೆ ಇಡಿಟಿಎ ಅಂತ ಒಂದು ಕೆಮಿಕಲ್ ಇರತ್ತೆ. ಮಷೀನಲ್ಲಿ ಗರಗರ ತಿರುಗಿಸಿದ್ರೆ ಕೆಂಪು ಕಣ ಕೆಳಗೆ ಕೂತು ಮೇಲೆ ಹಳದಿ ತಿಳಿ ನಿಲ್ಲತ್ತೆ, ಅದೇ ಪ್ಲಾಸ್ಮಾ. ಅದನ್ನ ತಣ್ಣಗಿಟ್ಟು ಲ್ಯಾಬಿಗೆ ಕಳಿಸ್ತಾರೆ. ಎಚ್‌ಐವಿ ತನ್ನ ಜಾತಕ ಬರ್ಕೊಂಡಿರೋದು ಆರ್‌ಎನ್‌ಎಲಿ, ಅದನ್ನ ಮೊದ್ಲು ಡಿಎನ್‌ಎಗೆ ಬದಲಾಯಿಸಿ ಆಮೇಲೆ ಡಬಲ್ ಡಬಲ್ ಮಾಡ್ತಾ ಹೋಗ್ತಾರೆ. ಒಂದು ಎರಡಾಗಿ, ಎರಡು ನಾಲ್ಕಾಗಿ, 30 ಸಲ ಡಬಲ್ ಆದ್ರೆ ಒಂದು ಹೋಗಿ ನೂರು ಕೋಟಿ ದಾಟತ್ತೆ. ಹೌದು, ಕೋವಿಡ್ ಟೈಮಲ್ಲಿ ಎಲ್ಲರ ಬಾಯಲ್ಲೂ ಇತ್ತಲ್ಲ ಆರ್‌ಟಿ-ಪಿಸಿಆರ್, ಅದೇ, ಸಿಟಿ ವ್ಯಾಲ್ಯೂ ಎಷ್ಟು ಅಂತ ಪಕ್ಕದ್ಮನೆಯೋರೂ ಕೇಳ್ತಿದ್ರಲ್ಲ, ಇಲ್ಲೂ ಎಷ್ಟನೇ ಸುತ್ತಿಗೆ ಬೆಳಕು ಕಾಣ್ಸತ್ತೋ ಅದರ ಮೇಲೆ ಲೆಕ್ಕ, ಬೇಗ ಕಂಡ್ರೆ ವೈರಸ್ ಜಾಸ್ತಿ. ಇದರಲ್ಲಿ ಒಂದು ತಮಾಷೆ ಇದೆ. ಆರ್‌ಎನ್‌ಎನ ಡಿಎನ್‌ಎ ಮಾಡೋ ಎಂಜೈಮ್ ಹೆಸ್ರು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್, ವೈರಸ್ ನಮ್ಮ ಮೈಯೊಳಗೆ ನುಗ್ಗೋದೇ ಆ ಜಾತಿ ಎಂಜೈಮ್ ಇಟ್ಕೊಂಡು, ಅವ್ವ ನುಂಗೋ ಮಾತ್ರೇಲಿ ಎರಡು ಔಷಧ ಅದನ್ನ ಕಟ್ಟಿಹಾಕಕ್ಕೇ ಇರೋದು, ಲ್ಯಾಬಲ್ಲಿ ವೈರಸ್ ಹಿಡಿಯಕ್ಕೂ ಅದೇ ಜಾತಿ ಎಂಜೈಮ್ ಬೇಕು. ಕಳ್ಳನ ಚಾವಿಯಿಂದಲೇ ಕಳ್ಳನ ಮನೆ ಬೀಗ ತೆಗೆದಂಗೆ.

ಅವ್ವ ಈಗ ತಗೊಳ್ಳೋದು ಟಿಎಲ್‌ಡಿ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಸೇರಿ ಒಂದೇ ಮಾತ್ರೆ, ದಿನಕ್ಕೊಂದು. ಇದಕ್ಕೂ ಮುಂಚೆ ಬೇರೆ ಮಾತ್ರೆ ಇತ್ತು, ಅದರಲ್ಲಿ ಎಫಾವಿರೆಂಜ್ ಅಂತ ಒಂದು, ಅದನ್ನ ನುಂಗಿ ಮಲಗಿದ್ರೆ ಅವ್ವಂಗೆ ಏನೇನೋ ಕನಸು, ಅಪ್ಪ ಲಾರಿ ತಗೊಂಡು ನೇರ ಅಡುಗೆಮನೆಗೆ ಬಂದಂಗೆ. ಮಾತ್ರೆ ಬದಲಾದ್ ಮೇಲೆ ಕನಸೂ ನಿಂತ್ವು. "ಅಪ್ಪನೂ ಬರದು ನಿಲ್ಸಿದ್ರು" ಅಂತ ಒಂದ್ಸಲ ನಕ್ಕೊಂಡೇ ಅಂದಿದ್ಲು.

ಒಂದು ವಾರ ಬಿಟ್ಟು ಭಾನುವಾರ ದೇವರ ಗೂಡು ಒರೆಸ್ತಾ ಇದ್ದೆ. ಫೋಟೋ ಹಿಂದೆ ಮೂರು ಖಾಲಿ ಬಾಟ್ಲಿ, ಒಂದು ಅರ್ಧ. ಪಿಂಕ್ ಕಲರ್ ಗ್ಯಾಸ್ ಸಿರಪ್ಪು. ಯಾಕವ್ವ ಇದು ಇಲ್ಲಿ ಅಂದ್ರೆ, ಎದೆ ಉರಿ, ಊಟ ಆದ್ಮೇಲೆ ಹುಳಿ ತೇಗು, ಬೀದಿ ತುದಿ ಮೆಡಿಕಲ್ ಶಾಪಲ್ಲಿ ಕೊಟ್ರು, ರಾತ್ರಿ ಮಾತ್ರೆ ಜೊತೆನೇ ಎರಡು ಮುಚ್ಚಳ ಕುಡೀತೀನಿ, ತಂಪಾಗತ್ತೆ ಅಂದ್ಲು. ಡಿಸೆಂಬರ್ ಶುರುವಿಂದ ದಿನಾ. ಅದ್ರ ಜೊತೆ ಮಂಡಿನೋವಿಗೆ ಬೇರೆ ಒಂದು ಕ್ಲಿನಿಕ್ಕಲ್ಲಿ ಬರೆದ ಕ್ಯಾಲ್ಸಿಯಂ ಮಾತ್ರೆ, ಅದೂ ರಾತ್ರಿ. ನಂಗೆ ಏನೋ ಸರಿ ಇಲ್ಲ ಅನ್ನಿಸ್ತು ಅಂತ ಹೇಳಿದ್ರೆ ಸುಳ್ಳಾಗತ್ತೆ, ಏನೂ ಅನ್ನಿಸ್ಲಿಲ್ಲ, ದೇವರ ಗೂಡಲ್ಲಿ ಔಷಧಿ ಯಾಕೆ ಅಂತ ಇನ್ನೊಂದು ಸಲ ಬಯ್ದೆ ಅಷ್ಟೇ. ಮುಂದಿನ ಸಲ ಸೆಂಟರಿಗೆ ಹೋದಾಗ ಡಾಕ್ಟ್ರು "ಬೇರೆ ಏನಾದ್ರೂ ಔಷಧಿ ತಗೋತೀರಾ" ಅಂತ ಕೇಳಿದಾಗ ಅವ್ವ ಇಲ್ಲ ಅಂದ್ಲು, ಅವಳ ಲೆಕ್ಕದಲ್ಲಿ ಗ್ಯಾಸ್ ಸಿರಪ್ ಔಷಧೀನೇ ಅಲ್ಲ, ಮಜ್ಜಿಗೆ ಇದ್ದಂಗೆ. ನಾನು ಮಧ್ಯ ಬಾಯಿ ಹಾಕಿ ಬಾಟ್ಲಿ ವಿಷಯ ಹೇಳ್ದೆ. ಡಾಕ್ಟ್ರು ಪೆನ್ನು ಕೆಳಗಿಟ್ರು.

ಅವರು ಹೇಳಿದ್ದು ಇಷ್ಟು. ಡೊಲುಟೆಗ್ರಾವಿರ್ ಕೆಲಸ ಮಾಡೋದೇ ಲೋಹದ ಕಣ ಹಿಡ್ಕೊಂಡು. ಹೊಟ್ಟೇಲಿ ಮೆಗ್ನೀಸಿಯಂ, ಅಲ್ಯೂಮಿನಿಯಂ ಇರೋ ಗ್ಯಾಸ್ ಸಿರಪ್ ಸಿಕ್ಕಿದ್ರೆ ಅಲ್ಲೇ ಅದಕ್ಕೆ ಅಂಟ್ಕೊಂಡು ಬಿಡತ್ತೆ, ರಕ್ತಕ್ಕೆ ಹೋಗೋದು ತೀರಾ ಕಮ್ಮಿ ಆಗತ್ತೆ. ಕ್ಯಾಲ್ಸಿಯಂ, ಐರನ್ ಮಾತ್ರೇನೂ ಹಂಗೇ, ಖಾಲಿ ಹೊಟ್ಟೇಲಿ ಜೊತೆಗೆ ತಗೊಂಡ್ರೆ. ಇವನ್ನ ಊಟದ ಜೊತೆ ಒಟ್ಟಿಗೆ ತಗೊಂಡ್ರೆ ಪರವಾಗಿಲ್ಲ, ಸಿರಪ್ಪಿಗೆ ಮಾತ್ರ ಆ ರಿಯಾಯಿತಿ ಇಲ್ಲ, ಟಿಎಲ್‌ಡಿ ನುಂಗಿ ಎರಡು ಗಂಟೆ ಆದ್ಮೇಲೆ ಸಿರಪ್, ಇಲ್ಲಾ ಸಿರಪ್ ಕುಡಿದು ಆರು ಗಂಟೆ ಆದ್ಮೇಲೆ ಟಿಎಲ್‌ಡಿ. ಇಷ್ಟು ಸಣ್ಣ ವಿಷಯ. ಮೆಡಿಕಲ್ ಶಾಪ್‌ನೋರಿಗೆ ಅವ್ವ ಟಿಎಲ್‌ಡಿ ತಗೋತಾಳೆ ಅಂತ ಗೊತ್ತಿಲ್ಲ, ಮಂಡಿ ಡಾಕ್ಟ್ರಿಗೂ ಗೊತ್ತಿಲ್ಲ, ಇವರಿಗೆ ಸಿರಪ್ ವಿಷಯ ಗೊತ್ತಿಲ್ಲ. ಎಲ್ಲ ಗೊತ್ತಿದ್ದೋಳು ಅವ್ವ ಒಬ್ಳೇ, ಅವಳಿಗೆ ಕೇಳಿದ್ ಪ್ರಶ್ನೆ ಮಾತ್ರ ಪ್ರತೀಸಲ ಒಂದೇ, ಮಾತ್ರೆ ಬಿಟ್ರಾ.

ಯಾಕೆ ಹೇಳಲ್ಲ ಅಂತ ಕೇಳೋರಿಗೆ. 2014ರಲ್ಲಿ ಅವ್ವಂಗೆ ಹಲ್ಲುನೋವು ಬಂದು ಒಂದು ಕ್ಲಿನಿಕ್ಕಿಗೆ ಹೋಗಿದ್ವಿ. ಹೇಳೋದು ಒಳ್ಳೇದು ಅಂತ ಫಾರ್ಮಲ್ಲಿ ಇದ್ದಿದ್ದನ್ನ ಹೇಳಿದ್ವಿ. ಒಳಗಿನಿಂದ ಹೊರಗಿನ ತನಕ ಕೇಳೋ ಹಂಗೆ ಮಾತಾಡ್ಕೊಂಡ್ರು, ಎಲ್ಲ ಪೇಷೆಂಟೂ ಮುಗಿಯೋ ತನಕ ಮೆಟ್ಲ ಮೇಲೆ ಕೂರಿಸಿದ್ರು, ರಾತ್ರಿ ಒಂಬತ್ತಕ್ಕೆ ನಾಳೆ ಬನ್ನಿ ಅಂದ್ರು. ನಾಳೆ ಹೋಗ್ಲಿಲ್ಲ, ಲವಂಗ ಕಚ್ಕೊಂಡು ಕಳೆದ್ಲು. ಈಗ ಕಾನೂನಿದೆ, 2017ರ ಎಚ್‌ಐವಿ ಕಾಯ್ದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದಿದೆ, ಚಿಕಿತ್ಸೆ ನಿರಾಕರಿಸೋ ಹಂಗಿಲ್ಲ, ಇನ್ನೊಬ್ಬರ ವಿಷಯ ಬಾಯಿಬಿಡೋ ಹಂಗಿಲ್ಲ. ನಾನು ಅವ್ವಂಗೆ ಕಾಯ್ದೆ ವಿಷಯ ಓದಿ ಹೇಳ್ದೆ. "ಮೆಟ್ಲು ಹಂಗೇ ಐತಲ್ಲ" ಅಂದ್ಲು.

ಕಥೆ ಸಿರಪ್ಪಿಗೇ ಮುಗಿಯತ್ತೆ ಅಂತ ನಾನು ಖುಷಿಯಾಗಿದ್ದೆ, ಎದ್ದು ನಿಂತಿದ್ದೆ ಕೂಡ. ಡಾಕ್ಟ್ರು ಏಳಲಿಲ್ಲ. ಟಿಎಲ್‌ಡಿ ಗಟ್ಟಿ ಮಾತ್ರೆ, ಬರೀ ಸಿರಪ್ಪಿಂದ ಇಷ್ಟು ಬರೋದು ನಂಗೆ ಡೌಟು ಅಂತ ಅಂದು, ಕುರ್ಚಿ ಅವ್ವನ ಹತ್ರ ಎಳ್ಕೊಂಡು, "ಅಮ್ಮ, ಡಿಸೆಂಬರ್‌ನಲ್ಲಿ ಮನೇಲಿ ಏನಾದ್ರೂ ಕಾರ್ಯ ಇತ್ತಾ" ಅಂದ್ರು. ಮಾತ್ರೆ ಬಿಟ್ರಾ ಅಂತ ಅಲ್ಲ, ಕಾರ್ಯ ಇತ್ತಾ ಅಂತ. ಅವ್ವ ಸೆರಗು ಬಾಯಿಗೆ ತಗೊಂಡ್ಲು.

ನನ್ನ ಎಂಗೇಜ್‌ಮೆಂಟು. ದುರ್ಗದ ಹುಡುಗ, ಡಿಸೆಂಬರ್ ಮೊದಲ ವಾರ. ಎರಡು ರೂಮಿನ ಮನೆ, ಮುಂಚಿನ ನಾಲ್ಕು ದಿನ, ಆಮೇಲಿನ ಐದು ದಿನ ತುಂಬಾ ನೆಂಟರು, ಚನ್ನಗಿರಿಯಿಂದ ದೊಡ್ಡತ್ತೆ, ಜಗಳೂರಿಂದ ಚಿಕ್ಕಪ್ಪನ ಮನೆಯೋರು. ಮಾತ್ರೆ ಡಬ್ಬಿ ಯಾವಾಗ್ಲೂ ಇರೋದು ಅಟ್ಟದ ಮೇಲೆ ಹಳೇ ಮಂಡಕ್ಕಿ ಡಬ್ಬದೊಳಗೆ. ಅಲುಗಾಡಿದ್ರೆ ಗಲಗಲ ಸದ್ದು ಬರತ್ತೆ ಅಂತ ಅವ್ವ ಮೊದ್ಲಿಂದ್ಲೂ ಬಾಟ್ಲಿ ತುಂಬ ಹತ್ತಿ ತುರುಕಿ ಇಡ್ತಾಳೆ, ಹದಿನೈದು ವರ್ಷದ ಅಭ್ಯಾಸ ಇದು. ಆ ಅಟ್ಟದ ಕೆಳಗೇ ದೊಡ್ಡತ್ತೆ ಹಾಸಿಗೆ. ದೊಡ್ಡತ್ತೆಗೆ ರಾತ್ರಿ ನಿದ್ದೆ ಬರಲ್ಲ, ಕಣ್ಣು ಬಿಟ್ಕೊಂಡೇ ಇರ್ತಾರೆ, ಇರುವೆ ಹೋದ್ರೂ ಯಾರದು ಅಂತಾರೆ. ಮೊದಲ್ನೇ ದಿನ ಆಗ್ಲಿಲ್ಲ, ಎರಡನೇ ದಿನ ಆಗ್ಲಿಲ್ಲ, ಹಿಂಗೆ ಒಂಬತ್ತು ದಿನ. ನಾನೆಲ್ಲಿದ್ದೆ? ಮೆಹಂದಿ ಹಾಕಿಸ್ಕೊತಿದ್ದೆ. ಬ್ಲೌಸ್ ಫಿಟ್ಟಿಂಗ್ ಸರಿ ಇಲ್ಲ ಅಂತ ಅಳ್ತಿದ್ದೆ.

ಮತ್ತೆ ಡಬ್ಬಿ ಲೆಕ್ಕ ಹೆಂಗೆ ಸರಿ ಬಂತು ಅಂದ್ರೆ, ಉಳಿದ ಒಂಬತ್ತು ಮಾತ್ರೆ ಮಡಿಲಲ್ಲಿ ಕಟ್ಕೊಂಡು ಹೋಗಿ ಭಟ್ಟಿ ಒಲೆಗೆ ಹಾಕಿದ್ಲಂತೆ. "ಮೇಡಮ್ನೋರು ಪಾಪ ಎಷ್ಟ್ ಒಳ್ಳೇರು, ಎಣಿಸಿದ್ರೆ ಬೇಜಾರ್ ಮಾಡ್ಕೊತಾರೆ ಅಂತ." ಈ ಮಾತು ಹೇಳೋವಾಗ ಮೇಡಂ ಬಾಗಿಲಲ್ಲೇ ನಿಂತಿದ್ರು. ಯಾರೂ ಏನೂ ಅನ್ನಲಿಲ್ಲ, ಹೊರಗೆ ಯಾರೋ ಟೋಕನ್ ನಂಬರ್ ಕೂಗ್ತಿದ್ರು. ಹಾಳೆ ಕೇಳಿದ ಪ್ರಶ್ನೆ ರಕ್ತದಲ್ಲಿ ಔಷಧ ಯಾಕೆ ಸಾಲ್ತಿಲ್ಲ ಅಂತ. ನಾನು ಒಂದು ವಾರ ಮನೇಲಿ ಅವಳಿಗೆ ಕೇಳಿದ್ದು ನೀನೆಂಥ ತಾಯಿ ಅಂತ. ಎರಡೂ ಒಂದೇ ಅಂತ ನಂಗೆ ಅನ್ನಿಸಿಬಿಟ್ಟಿತ್ತು.

ಒಂಬತ್ತು ದಿನ ಅಂದ್ರೆ ಸಾಕಾ ಅಂತ ಕೇಳಿದ್ದಕ್ಕೆ ಡಾಕ್ಟ್ರು ಸಾಕು, ಅದ್ರ ಮೇಲೆ ಸಿರಪ್ ಬೇರೆ ಅಂದ್ರು. ಟಿಎನ್‌ಡಿ ಅಂದ್ರೆ ವೈರಸ್ ಇಲ್ಲವೇ ಇಲ್ಲ ಅಂತ ಅಲ್ಲ, ರಕ್ತದಲ್ಲಿ ಓಡಾಡ್ತಿರೋದು ಎಣಿಕೆಗೆ ಸಿಗ್ತಿಲ್ಲ ಅಂತ. ಕೆಲವು ಸಿಡಿ4 ಕಣಗಳ ಡಿಎನ್‌ಎ ಒಳಗೇ ಅದು ಹೊಲ್ಕೊಂಡು ಮಲಗಿರತ್ತೆ, ಮಾತ್ರೆ ಅಲ್ಲಿಗೆ ಮುಟ್ಟಲ್ಲ, ಮಾತ್ರೆ ನಿಂತ್ರೆ ಎರಡು ಮೂರು ವಾರದಲ್ಲೇ ಎದ್ದು ಬರತ್ತೆ. ಅವ್ವಂಗೆ ಇದನ್ನ ಬಿಡಿಸಿ ಹೇಳಬೇಕಾಗ್ಲಿಲ್ಲ. ಭತ್ತದ ಹೊಟ್ಟಿನ ಬೂದಿ ನೋಡಿದೋಳು, ಮೇಲೆ ತಣ್ಣಗೆ ಬೆಳ್ಳಗೆ ಕಾಣ್ತಿರತ್ತೆ, ಮಾರನೇ ದಿನ ಕೋಲಲ್ಲಿ ಕೆದಕಿದ್ರೂ ಒಳಗೆ ಕೆಂಪು. "ಬೂದಿ ಮುಚ್ಚಿದ ಕೆಂಡ ಅನ್ನು" ಅಂದ್ಲು. ಡಾಕ್ಟ್ರು ಅದನ್ನ ಬೇರೆಯೋರಿಗೂ ಹೇಳ್ತೀನಿ ಅಂದ್ರು.

ನನಗೆ ನಿಜವಾದ ಭಯ ಇದ್ದಿದ್ದು ರೆಸಿಸ್ಟೆನ್ಸ್ ಬಗ್ಗೆ. ಈ ವೈರಸ್ ತನ್ನ ಕಾಪಿ ಮಾಡ್ಕೊಳ್ಳೋವಾಗ ತುಂಬಾ ತಪ್ಪು ಮಾಡತ್ತೆ, ಕಾಪಿ ಹೊಡೆಯೋ ಹುಡುಗರು ಸ್ಪೆಲ್ಲಿಂಗ್ ತಪ್ಪು ಮಾಡಿದಂಗೆ, ಆ ತಪ್ಪುಗಳಲ್ಲಿ ಯಾವುದೋ ಒಂದು ಔಷಧಕ್ಕೆ ಬಗ್ಗದೇ ಇರೋದಾಗಿರತ್ತೆ. ಪೂರ್ತಿ ಔಷಧ ಇದ್ರೆ ಕಾಪಿನೇ ಆಗಲ್ಲ, ಪೂರ್ತಿ ಇಲ್ದಿದ್ರೆ ಎಲ್ಲ ಜಾತೀನೂ ಬೆಳೆಯತ್ತೆ, ಅರ್ಧಂಬರ್ಧ ಇದ್ದಾಗ ಮಾತ್ರ ಬಗ್ಗದೇ ಇರೋ ಜಾತಿಗೇ ಹೊಲ ಬಿಟ್ಕೊಟ್ಟಂಗೆ ಆಗತ್ತೆ. ಡೊಲುಟೆಗ್ರಾವಿರ್ ವಿರುದ್ಧ ವೈರಸ್ ಅಷ್ಟು ಸುಲಭಕ್ಕೆ ತಿರುಗಿ ಬೀಳಲ್ಲ ಅನ್ನೋದು ಸಮಾಧಾನ. ಹಂಗಾಗಿ ಮಾತ್ರೆ ಬದಲಾಯಿಸ್ಲಿಲ್ಲ. ಅದೇ ಟಿಎಲ್‌ಡಿ, ಮೂರು ತಿಂಗಳು ಸರಿಯಾಗಿ, ಆಮೇಲೆ ಮತ್ತೆ ವೈರಲ್ ಲೋಡ್. ಆಗ್ಲೂ 1,000ರ ಮೇಲೇ ಇದ್ರೆ ತಜ್ಞ ಡಾಕ್ಟ್ರುಗಳ ಕಮಿಟಿ ಮುಂದೆ ಕೇಸ್ ಹೋಗತ್ತೆ, ಬೇರೆ ಮಾತ್ರೆ ಬೇಕಾ ಅಂತ ಅವರು ನೋಡ್ತಾರೆ.

ಆ ಮೂರು ತಿಂಗಳು ಉದ್ದ. ಮುಂಚೆ ಅವ್ವಂಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡ್ತಿದ್ರು, ಈಗ ತಿಂಗಳಿಗೊಂದು ಡಬ್ಬಿ, ತಿಂಗಳಿಗೊಂದು ದಿನ ಭಟ್ಟೀಲಿ ಬಿಪಿ ಅಂತ ಸುಳ್ಳು, ಆ ದಿನದ ಕೂಲಿ ಖೋತಾ. ನನ್ನ ಮೊಬೈಲಲ್ಲಿ ರಾತ್ರಿ ಒಂಬತ್ತಕ್ಕೆ ಅಲಾರಂ, ಅವಳ ಬಟನ್ ಫೋನಲ್ಲೂ ಒಂಬತ್ತಕ್ಕೆ, ಒಂದು ನಿಮಿಷ ಹಿಂದೆ ಮುಂದೆ ಎರಡೂ ಹೊಡ್ಕೊಳ್ಳೋದು. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋಯ್ತು. ಸಿರಪ್ ಬಂದ್. ಹಂಗಾದ್ರೆ ಎದೆ ಉರಿಗೆ ಏನ್ ಮಾಡ್ಲಿ ಅಂತ ಕೇಳಿದ್ದಕ್ಕೆ ಡಾಕ್ಟ್ರು ಅದಕ್ಕೆ ಬೇರೆ ಮಾತ್ರೆ ಬರ್ಕೊಟ್ಟು ಮಿರ್ಚಿ ಬಿಡಿ ಅಂದ್ರು, ಅವ್ವ ದಾವಣಗೆರೇಲಿ ಇದ್ಕೊಂಡು ಹೆಂಗ್ ಬಿಡಾದ್ರೀ ಅಂದ್ಲು, ವಾರಕ್ಕೊಂದಕ್ಕೆ ರಾಜಿ ಆಯ್ತು.

ಏಪ್ರಿಲ್ ಬಿಸಿಲಲ್ಲಿ ಎರಡನೇ ಸ್ಯಾಂಪಲ್ ಕೊಟ್ವಿ. ರಿಪೋರ್ಟ್ ಬಂದ ದಿನ ಮೇಡಂ ಹಾಳೆನ ನನಗೆ ಕೊಡಲಿಲ್ಲ, ಸೀದಾ ಅವ್ವನ ಮುಂದಿಟ್ರು. ಅವ್ವ ಬೆರಳು ಮೇಲಿಂದ ಇಳಿಸ್ತಾ ಬಂದು ಒಂದ್ ಕಡೆ ನಿಲ್ಲಿಸಿದ್ಲು. ನನ್ನನ್ನ ಇದೇ ಅಲ್ಲೇನೇ ಅಂತ ಕೇಳ್ಲಿಲ್ಲ.

ಹುಡುಗನಿಗೆ ಗೊತ್ತಾ ಅಂತ ಇದನ್ನ ಓದಿದ್ ಗೆಳತಿ ಕೇಳಿದ್ಲು. ಗೊತ್ತು. ಫೆಬ್ರವರೀಲಿ ಅವ್ವನ ಒಪ್ಪಿಗೆ ತಗೊಂಡು ನಾನೇ ಹೇಳ್ದೆ, ಕೋಟೆ ಮೇಲೆ, ಮೆಟ್ಲು ಹತ್ತಿ ಏದುಸಿರು ಬಿಡೋವಾಗ, ಅವನಿಗೆ ಎದ್ದು ಓಡಕ್ಕೂ ಆಗ್ಬಾರ್ದು ಅಂತ. ಅವನು ಮೊದಲು ಕೇಳಿದ್ದು "ಅಮ್ಮ ಮಾಡಿದ ಊಟ ನಾನು ತಿಂದಿದೀನಲ್ಲ" ಅಂತ. ಸಿಟ್ಟು ಬಂತು, ಆದ್ರೆ ಅವನು ಕೇಳಿದ್ದು ಹೆದರಿ, ಕೆಟ್ಟತನದಿಂದಲ್ಲ. ಊಟ, ತಟ್ಟೆ, ಬಚ್ಚಲು, ತಬ್ಬಿಕೊಳ್ಳೋದು ಇದ್ರಿಂದ ಯಾವ ವೈರಲ್ ಲೋಡಲ್ಲೂ ಬರಲ್ಲ, ಲಕ್ಷ ಇದ್ರೂ ಬರಲ್ಲ. ಗಂಡ ಹೆಂಡತಿ ನಡುವೆ ಹರಡೋದ್ರ ಬಗ್ಗೆ ಕೂಡ, ಒಬ್ಬರ ವೈರಲ್ ಲೋಡ್ ಮಾತ್ರೆಯಿಂದ ಎಣಿಕೆಗೆ ಸಿಗದಷ್ಟು ಕಮ್ಮಿ ಆಗಿ ಹಂಗೇ ಉಳಿದಿದ್ರೆ ಇನ್ನೊಬ್ಬರಿಗೆ ಲೈಂಗಿಕವಾಗಿ ಹರಡಲ್ಲ ಅಂತ ದೊಡ್ಡ ಸ್ಟಡಿಗಳಲ್ಲೇ ಗೊತ್ತಾಗಿದೆ, ಯು ಈಕ್ವಲ್ಸ್ ಯು ಅಂತ ಅದಕ್ಕೆ ಹೆಸ್ರು, ಅನ್‌ಡಿಟೆಕ್ಟೆಬಲ್ ಅಂದ್ರೆ ಅನ್‌ಟ್ರಾನ್ಸ್‌ಮಿಟೆಬಲ್ ಅಂತ. ನಮ್ಮಪ್ಪ ಅವ್ವನ ಕಾಲಕ್ಕೆ ಈ ವಿಷಯ ಇರ್ಲಿಲ್ಲ. ಅವನು ಎಲ್ಲ ಕೇಳಿಸ್ಕೊಂಡು, ಕೆಳಗಿಳಿಯೋವಾಗ ಸೌತೇಕಾಯಿ ತಗೊಂಡು ಅರ್ಧ ನಂಗೆ ಕೊಟ್ಟ. ಅವರಮ್ಮಂಗೆ ಇನ್ನೂ ಹೇಳಿಲ್ಲ. ಹೇಳೋದೋ ಬಿಡೋದೋ ಅವ್ವಂಗೆ ಬಿಟ್ಟಿದ್ದು, ಅವಳ ರಕ್ತ ಅವಳ ಮಾತು.

ಮೇ ತಿಂಗಳಲ್ಲಿ ಮದುವೆ. ಮತ್ತೆ ಹತ್ತು ದಿನ ಮನೆ ತುಂಬಾ ಜನ, ದೊಡ್ಡತ್ತೆ ಆಗ್ಲೇ ಫೋನ್ ಮಾಡಿ ನಂಗೆ ಅಟ್ಟದ ರೂಮೇ ಇರ್ಲಿ ತಂಪಾಗಿರತ್ತೆ ಅಂದಿದಾರೆ. ಈ ಸಲ ಡಬ್ಬಿ ಅಟ್ಟದ ಮೇಲಿಲ್ಲ. ಹನ್ನೆರಡು ಮಾತ್ರೆ ನಮ್ಮ ತಮ್ಮನ ಬೈಕ್ ಕೀ ಚೈನಿನ ಪುಟ್ಟ ಡಬ್ಬೀಲಿ, ಸದ್ದು ಬರದಂಗೆ ಹತ್ತಿ ಸಮೇತ, ಉಳಿದಿದ್ದು ಡಬ್ಬಿ ಸಮೇತ ನನ್ನ ಆಫೀಸ್ ಡ್ರಾದಲ್ಲಿ. ರಿಸೆಪ್ಷನ್ ದಿನ ಒಂಬತ್ತು ಗಂಟೆಗೆ ನಾನು ಸ್ಟೇಜ್ ಮೇಲೆ ಫೋಟೋಗೆ ಹಲ್ಲು ಕಿಸೀತಾ ನಿಂತಿರ್ತೀನಿ, ಅದಕ್ಕೇ ತಮ್ಮಂಗೆ ಹೇಳಿಟ್ಟಿದೀನಿ, ಊಟದ ಪಂಕ್ತಿ ಹತ್ರ ಅವ್ವನ್ನ ಹುಡುಕಿ ನೀರಿನ ಬಾಟ್ಲಿ ಕೊಟ್ಟು, ನುಂಗಿದ್ ಮೇಲೆ ಸ್ಟೇಜ್ ಕಡೆ ನೋಡಿ ಒಂದ್ಸಲ ತಲೆ ಕೆರ್ಕೋ ಅಂತ.